ಏರ್ ರೈಫಲ್‌ಗೆ ಸ್ಕೋಪ್: ಚಿಕ್ಕಪ್ಪನದ್ದನ್ನು ಬಿಚ್ಚಿ ಹಾಕಿದರೆ ಏನಾಗುತ್ತದೆ?

ಪ್ರಶ್ನೆ (ಗೋಣಿಕೊಪ್ಪದಿಂದ)

ನಮಸ್ಕಾರ ಸರ್. ನನ್ನಲ್ಲಿರುವುದು ನಳಿಕೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವ .177 ಏರ್ ರೈಫಲ್. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ನಮ್ಮೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಅದಕ್ಕೆ ಕೈ ಪಳಗಲಿ ಎಂದು ಹಿತ್ತಲಿನಲ್ಲಿ 10 ಮೀಟರ್ ದೂರಕ್ಕೆ ಅಭ್ಯಾಸ ಮಾಡುತ್ತೇನೆ. ಚಿಕ್ಕಪ್ಪನ .22 ರೈಫಲ್ ಮೇಲಿದ್ದ 3-9×40 ಸ್ಕೋಪನ್ನು ಬಿಚ್ಚಿ ನನ್ನದಕ್ಕೆ ಹಾಕಿಕೊಂಡೆ. ಮೊದಲ ವಾರ ಏಟುಗಳು ಸರಿಯಾಗಿಯೇ ಬೀಳುತ್ತಿದ್ದವು. ಮೂರನೆಯ ವಾರಕ್ಕೆ ಏಟುಗಳು ಎಲ್ಲೆಂದರಲ್ಲಿ ಬೀಳತೊಡಗಿದವು. ಈಗ ಒಳಗಿನ ಅಡ್ಡಗೆರೆಯೇ ಓರೆಯಾಗಿ ಕಾಣುತ್ತಿದೆ. ಗುರಿಹಲಗೆ ಮೊದಲಿನಿಂದಲೂ ಮಸುಕಾಗಿಯೇ ಇತ್ತು. ಹೊಸದನ್ನು ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ

ಮೊದಲು ಚಿಕ್ಕಪ್ಪನಿಗೆ ವಿಷಯ ತಿಳಿಸಿ. ಅವರ ಸ್ಕೋಪ್ ಕೆಟ್ಟಿದೆ, ಕೆಡಿಸಿದ್ದು ನಿಮ್ಮ ಏರ್ ರೈಫಲ್.

ಗಾಳಿಕೋವಿಗೆ ಒದೆತವೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸೇನೆಯಲ್ಲಿ ಆರ್ಮರರ್ (ಕೋವಿ ರಿಪೇರಿ ಮಾಡುವವ) ಆಗಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ. ಮದ್ದಿನ ಕೋವಿ ಒದೆಯುವುದು ಹಿಂದಕ್ಕೆ ಮಾತ್ರ, ಅದಕ್ಕೆಂದು ಮಾಡಿದ ಸ್ಕೋಪಿನ ಒಳಗಿನ ಭಾಗಗಳು ಆ ಒಂದು ಪೆಟ್ಟನ್ನು ತಾಳುವಂತೆ ಕೂತಿರುತ್ತವೆ. ಸ್ಪ್ರಿಂಗ್ ಕೋವಿ ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ಕೋವಿ ಹಿಂದೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ತುದಿಯಲ್ಲಿ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ಕೋವಿ ತಟ್ಟನೆ ಮುಂದೆ ಜಗ್ಗುತ್ತದೆ. ಈ ಎರಡನೆಯ ಜಗ್ಗಾಟವೇ ಗೆರೆಯ ಚೌಕಟ್ಟನ್ನು ತಿರುಗಿಸಿಬಿಡುತ್ತದೆ, ಮಸೂರದ ಬಳೆಗಳನ್ನು ಸಡಿಲಿಸುತ್ತದೆ. ಸ್ಕೋಪನ್ನು ಬಿಚ್ಚಿ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಸಣ್ಣಗೆ ಕಿಣಿಕಿಣಿ ಎಂದರೆ ರಿಪೇರಿಯ ಆಸೆ ಬಿಡಿ.

ಮಸುಕಿನ ಕಾರಣ ಬೇರೆ. ಮದ್ದಿನ ರೈಫಲ್‌ಗಳ ಸ್ಕೋಪಿನಲ್ಲಿ ಪ್ಯಾರಲಾಕ್ಸನ್ನು, ಅಂದರೆ ಗುರಿಯ ಚಿತ್ರವೂ ಗೆರೆಯೂ ಒಂದೇ ಮಟ್ಟದಲ್ಲಿ ಕೂರುವ ದೂರವನ್ನು, ಸಾಮಾನ್ಯವಾಗಿ 100 ಗಜಕ್ಕೆ, .22ರದ್ದಾದರೆ 50 ಗಜಕ್ಕೆ ಹೊಂದಿಸಿಟ್ಟಿರುತ್ತಾರೆ. 10 ಮೀಟರಿನಲ್ಲಿ ಅದು ಮಸುಕಾಗುವುದಷ್ಟೇ ಅಲ್ಲ, ಕಣ್ಣು ಕೊಂಚ ಪಕ್ಕಕ್ಕೆ ಸರಿದರೆ ಗೆರೆಯೂ ಗುರಿಯ ಮೇಲೆ ಸರಿದಾಡುತ್ತದೆ. ಕೋವಿಯನ್ನು ಮರಳುಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸಿ ನೋಡಿ, ತಿಳಿಯುತ್ತದೆ.

ಹಾಗಾಗಿ ಕೊಳ್ಳುವಾಗ ಎರಡೇ ವಿಚಾರ ಕೇಳಿ. ಸ್ಪ್ರಿಂಗ್ ಏರ್ ರೈಫಲ್‌ಗೆ ತಾಳುತ್ತದೆ ಎಂದು ತಯಾರಕರೇ ಬರೆದಿರಬೇಕು. ಮುಂದಿನ ಮಸೂರದ ಬಳೆಯನ್ನೋ ಪಕ್ಕದ ಗುಂಡಿಯನ್ನೋ ತಿರುಗಿಸಿದರೆ ಪ್ಯಾರಲಾಕ್ಸ್ 10 ಗಜದವರೆಗೆ ಇಳಿಯಬೇಕು. 4×32 ನಿಮಗೆ ಧಾರಾಳ. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 40 ಮಿ.ಮೀ. ಎಂದರ್ಥ. 40ನ್ನು 9ರಿಂದ ಭಾಗಿಸಿದರೆ 4.4 ಮಿ.ಮೀ. ಬರುತ್ತದೆ, ಕಣ್ಣಿಗೆ ತಲುಪುವ ಬೆಳಕಿನ ಕಂಬ ಅಷ್ಟೇ ದಪ್ಪ. ಸಂಜೆ ಕಾಫಿ ತೋಟದ ನೆರಳಿನಲ್ಲಿ ಅಗಲವಾಗಿ ತೆರೆದಿರುವ ಪಾಪೆಗೆ ಅದು ಸಾಲದು, ಚಿತ್ರ ಮಂಕಾಗುತ್ತದೆ. ಪಟ್ಟು ಏರಿಸಿದಷ್ಟೂ ಗುರಿಯ ಜೊತೆಗೆ ನಿಮ್ಮ ನಾಡಿಬಡಿತವೂ ದೊಡ್ಡದಾಗಿ ಕಾಣುತ್ತದೆ. ನಮ್ಮ ಮಳೆಗಾಲಕ್ಕೆ ನೈಟ್ರೋಜನ್ ತುಂಬಿದ್ದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ (ಅದೇ ಗೋಣಿಕೊಪ್ಪದವರು)

ಚಿಕ್ಕಪ್ಪ ಬೈದರು, ಆದರೂ ಊಟ ಹಾಕಿದರು. ಹೊಸ 4×32 ಬಂದಿದೆ. ಹಳೆಯದನ್ನು ಬಿಚ್ಚಿದಾಗ ಕೋವಿಯ ಬೆನ್ನಿನ ರೈಲಿನ (ಸ್ಕೋಪ್ ಕೂರಿಸುವ ಪಟ್ಟಿ) ಮೇಲೆ, ಹಿಂದಿನ ಮೌಂಟ್ (ಸ್ಕೋಪನ್ನು ಹಿಡಿಯುವ ಬಳೆ) ಇದ್ದ ಕಡೆ, ಸುಮಾರು 4 ಮಿ.ಮೀ. ಉದ್ದದ ಹೊಳೆಯುವ ಗೀರು ಕಂಡಿತು. ಅದೇನು?

ಉತ್ತರ

ಏಟುಗಳು ಚದುರಿದ್ದಕ್ಕೆ ಸಾಕ್ಷಿ ಅದೇ. ಕೋವಿ ಮುಂದಕ್ಕೆ ಜಗ್ಗಿದಾಗಲೆಲ್ಲ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ಹಾಗೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ನೂರಾರು ಏಟಿಗೆ 4 ಮಿ.ಮೀ. ಸ್ಕೋಪಿಗೆ ಸುರಿದ ಹಣದ ಕಾಲುಭಾಗವನ್ನೂ ಜನ ಮೌಂಟಿಗೆ ಹಾಕುವುದಿಲ್ಲ. ನನ್ನ ಮೇಜಿಗೆ ಬರುವ 'ಕೆಟ್ಟ ಸ್ಕೋಪ್'ಗಳಲ್ಲಿ ಬಹುಪಾಲಿಗೆ ಏನೂ ಆಗಿರುವುದಿಲ್ಲ, ಕೂರಿಸಿದ ರೀತಿ ಕೆಟ್ಟಿರುತ್ತದೆ.

ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 11 ಮಿ.ಮೀ.ನ ಓರೆ ತೋಡು. ಅಂಗಡಿಯವರು ಕೊಡುವ ಅಗಲದ ಮೌಂಟ್ ಹಲವು ಸಲ 21 ಮಿ.ಮೀ. ಪಿಕಾಟಿನ್ನಿ ರೈಲಿನದು, ಅದು ಇದಕ್ಕೆ ಕೂರುವುದಿಲ್ಲ. ಎರಡು ಬಿಡಿ ಬಳೆಗಳಿಗಿಂತ ಒಂದೇ ತುಂಡಿನ, ಕೆಳಗೆ ತಡೆಮೊಳೆ ಇರುವ ಮೌಂಟ್ ವಾಸಿ. ರೈಫಲ್ ಮೇಲೆ ಹಿಂಬದಿಯಲ್ಲಿ ಸಣ್ಣ ತೂತು ಇದ್ದರೆ ಮೊಳೆ ಅದರೊಳಗೆ ಇಳಿಯಬೇಕು. ತೂತು ಇಲ್ಲದಿದ್ದರೆ ಮೌಂಟಿನ ಹಿಂದೆ ಒತ್ತಿ ನಿಲ್ಲುವ ತಡೆಕಟ್ಟೆ ಬೇರೆಯಾಗಿ ಸಿಗುತ್ತದೆ. ಮುಂದೆ ಹಾಕಿದರೆ ಪ್ರಯೋಜನವಿಲ್ಲ, ಸ್ಕೋಪ್ ಓಡುವುದು ಹಿಂದಕ್ಕೆ.

ಶುರು ಮಾಡುವ ಮೊದಲು ನಳಿಕೆ ಖಾಲಿ ಇದೆಯೇ ನೋಡಿ. ಆಮೇಲೆ ತೋಡನ್ನೂ ಮೌಂಟಿನ ಹಲ್ಲುಗಳನ್ನೂ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಎಣ್ಣೆಯ ಪಸೆ ಉಳಿದರೆ ಎಷ್ಟು ಬಿಗಿದರೂ ಜಾರುತ್ತದೆ. ಬಳೆಗಳ ಮೇಲರ್ಧವನ್ನು ಸಡಿಲವಾಗಿಟ್ಟು ಸ್ಕೋಪನ್ನು ಮಲಗಿಸಿ. ಕಣ್ಣು ಮುಚ್ಚಿಕೊಂಡೇ ಕೋವಿಯನ್ನು ಹೆಗಲಿಗೆ ಏರಿಸಿ, ಕೆನ್ನೆ ಸಹಜವಾಗಿ ಮರಕ್ಕೆ ತಾಗಲಿ, ಆಮೇಲೆ ಕಣ್ಣು ತೆರೆಯಿರಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕಣ್ಣಿಗೂ ಮಸೂರಕ್ಕೂ 8-9 ಸೆಂ.ಮೀ. ಅಂತರ ಬರುತ್ತದೆ. ಕಣ್ಣು ತೆರೆದುಕೊಂಡೇ ಏರಿಸಿದರೆ ಕುತ್ತಿಗೆ ತಾನಾಗಿ ಚಿತ್ರವನ್ನು ಹುಡುಕಿಕೊಂಡು ಹೋಗುತ್ತದೆ, ಅಳತೆ ತಪ್ಪುತ್ತದೆ.

ಗೆರೆಯನ್ನು ನೆಟ್ಟಗೆ ಮಾಡಲು ಗಾರೆಯವರ ತೂಗುಗುಂಡು ಸಾಕು. ಹತ್ತು ಮೀಟರ್ ಆಚೆ ದಾರಕ್ಕೆ ಕಟ್ಟಿ ನೇತುಹಾಕಿ, ಕೋವಿಯ ಮೇಲೆ ರಸಮಟ್ಟ ಇಟ್ಟು ಮಟ್ಟ ಮಾಡಿ, ಲಂಬಗೆರೆ ದಾರದ ಮೇಲೆ ಕೂರುವಂತೆ ಸ್ಕೋಪನ್ನು ತಿರುಗಿಸಿ. ಈಗ ತಿರುಪುಗಳನ್ನು ಕರ್ಣವಾಗಿ, ಒಂದೊಂದಕ್ಕೂ ಕಾಲು ಸುತ್ತಿನಂತೆ, ಎರಡೂ ಬದಿಯ ಸಂದು ಸಮನಾಗಿ ಉಳಿಯುವಂತೆ ಬಿಗಿಯಿರಿ. ಬಳೆಯ ತಿರುಪಿಗೆ ಸುಮಾರು 2 ನ್ಯೂಟನ್-ಮೀಟರ್ ಸಾಕು. ಅಳೆಯುವ ಸಾಧನ ಇಲ್ಲದಿದ್ದರೆ ಅಲೆನ್ ಕೀಯ ಗಿಡ್ಡ ಕಾಲನ್ನು ಎರಡು ಬೆರಳಿನಲ್ಲಿ ಹಿಡಿದು ಬಿಗಿಯಿರಿ. ಉದ್ದನೆಯ ಕಾಲು ಹಿಡಿದು ಬಲ ಹಾಕಿದ ಸ್ಕೋಪುಗಳ ಕೊಳವೆಯಲ್ಲಿ ಬಳೆಯ ಅಚ್ಚು ಮೂಡಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ (ಮೈಸೂರಿನಿಂದ, ಒಬ್ಬ ತಾಯಿ)

ನನ್ನ ಮಗಳು 10 ಮೀಟರ್ ಏರ್ ರೈಫಲ್ ತರಬೇತಿಗೆ ಸೇರಿದ್ದಾಳೆ. ಅವಳಿಗೆ ಯಾವ ಸ್ಕೋಪ್ ಕೊಡಿಸಲಿ?

ಉತ್ತರ

ಯಾವುದೂ ಬೇಡ ಅಮ್ಮಾ, ಆ ಹಣ ಉಳಿಯಿತು. ಐಎಸ್ಎಸ್ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ಈ ಸ್ಪರ್ಧೆಗೆ ದೂರದರ್ಶಕ ಗುರಿಸಾಧನಕ್ಕೆ ಅವಕಾಶವಿಲ್ಲ. ಹಿಂದೆ ಡಯಾಪ್ಟರ್ ಎಂಬ ಸಣ್ಣ ತೂತಿನ ಗುರಿಬಿಲ್ಲೆ, ಮುಂದೆ ಒಂದು ಬಳೆ, ಇಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಗುರಿಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿ.ಮೀ. ಅಗಲ. ಹಣ ಹಾಕುವುದಿದ್ದರೆ ಅವಳ ಜಾಕೆಟ್ಟಿಗೂ ಅಭ್ಯಾಸದ ಪೆಲೆಟ್‌ಗಳಿಗೂ ಹಾಕಿ.

ಗೋಣಿಕೊಪ್ಪದವರೇ, ನೀವೂ ಸಂಘಟಕರನ್ನು ಮೊದಲೇ ಕೇಳಿ. ಬರಿಗಣ್ಣಿನ ಗುರಿಯೇ ಆಗಬೇಕೆಂದರೆ ಸ್ಕೋಪಿನ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ (ಸಕಲೇಶಪುರದಿಂದ)

ತೋಟಕ್ಕೆ ಕಾಡುಹಂದಿ, ನವಿಲು ಕಾಟ. ಏರ್ ರೈಫಲ್‌ಗೆ 50 ಮೀಟರಿನ ಸ್ಕೋಪ್ ಹೇಳಿ.

ಉತ್ತರ

ಹೇಳುವುದಿಲ್ಲ. ಎರಡೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಪರವಾನಗಿ ಬೇಡದ ಏರ್ ರೈಫಲ್ ಎಂದರೆ .177 ಬೋರ್, 20 ಜೂಲ್‌ನೊಳಗಿನ ಶಕ್ತಿ. ಅದು ಹಂದಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಕಳಿಸುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಪ್ರಶ್ನೆ (ಗೋಣಿಕೊಪ್ಪದವರು)

ಹೇಳಿದಂತೆಯೇ ಕೂರಿಸಿದೆ ಸರ್. ಏಟುಗಳು ಒಂದೇ ಕಡೆ ಗುಂಪಾಗಿ ಬೀಳುತ್ತಿವೆ, ಆದರೆ 3 ಸೆಂ.ಮೀ. ಕೆಳಗೆ. ಸ್ಕೋಪಿನ ಮೇಲಿನ ಗುಂಡಿಯನ್ನು ನಾಲ್ಕು ಕ್ಲಿಕ್ ತಿರುಗಿಸಿದೆ, ಏನೂ ಆಗಲಿಲ್ಲ. ಇದೂ ಕೆಟ್ಟಿದೆಯೇ?

ಉತ್ತರ

ಇಲ್ಲ, ಲೆಕ್ಕ ತಪ್ಪಿದೆ. ಕಾಲು ಮಿನಿಟಿನ (ಇಲ್ಲಿ ಮಿನಿಟ್ ಎಂದರೆ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು) ಒಂದು ಕ್ಲಿಕ್ 100 ಮೀಟರಿನಲ್ಲಿ ಸುಮಾರು 7 ಮಿ.ಮೀ. ಸರಿಸುತ್ತದೆ. 10 ಮೀಟರಿನಲ್ಲಿ ಅದರ ಹತ್ತನೇ ಒಂದು, 0.7 ಮಿ.ಮೀ. ನಿಮಗೆ ಬೇಕಾದದ್ದು 30 ಮಿ.ಮೀ., ಅಂದರೆ 40ಕ್ಕೂ ಹೆಚ್ಚು ಕ್ಲಿಕ್. ನಾಲ್ಕಕ್ಕೆ ಮೂರು ಮಿ.ಮೀ. ಏರಿದ್ದು ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಗುಂಡಿ ಕೊನೆಯವರೆಗೆ ಹೋದರೂ ಏಟು ಕೆಳಗೇ ಬಿದ್ದರೆ ನಳಿಕೆ ಸ್ವಲ್ಪ ಬಾಗಿ ನಿಲ್ಲುತ್ತಿದೆ ಎಂದು ತಿಳಿಯಿರಿ. ಮಡಚುವ ಕೋವಿಗಳಲ್ಲಿ ಇದು ಸಾಮಾನ್ಯ. ಆಗ ಗುಂಡಿಯ ಜೊತೆ ಗುದ್ದಾಡಬೇಡಿ, ಹಿಂಭಾಗ ತುಸು ಎತ್ತರವಾಗಿರುವ ಮೌಂಟ್ ಸಿಗುತ್ತದೆ, ಅದನ್ನು ಹಾಕಿ.

ಹತ್ತು ಏಟು ಹೊಡೆದ ಮೇಲೆ ತಿರುಪುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಮೌಂಟಿನ ಹಿಂದೆ ರೈಲಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡಿ, ಮುಂದಿನ ತಿಂಗಳು ಅದು ಅಲ್ಲೇ ಕಂಡರೆ ನನಗೆ ಬರೆಯುವ ಅಗತ್ಯವಿಲ್ಲ.