ಸಹಾಯ ಬೇಕು: ನಮ್ಮ ಲ್ಯಾಬ್ರಡಾರ್‌ಗೆ ಕಣ್ಣಿನ ಕಾಯಿಲೆಯ ಡಿಎನ್‌ಎ ಟೆಸ್ಟ್

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನಮ್ಮ ಲ್ಯಾಬ್ರಡಾರ್ ಗೌರಿಗೆ ಈಗ 5 ವರ್ಷ. ಮೂರು ತಿಂಗಳಿಂದ ಸಂಜೆ ಕುಂದವಾಡ ಕೆರೆ ಏರಿ ಮೇಲೆ ನಡೆಯುವಾಗ ತಡವರಿಸುತ್ತಾಳೆ. ಕರೆಂಟ್ ಹೋದರೆ ನಿಂತಲ್ಲೇ ನಿಂತುಬಿಡುತ್ತಾಳೆ, ಪಾಪ. ಹಗಲಲ್ಲಿ ಏನೂ ತೊಂದರೆ ಇಲ್ಲ. ಡಾಕ್ಟರ್ ನೋಡಿ, ರೆಟಿನಾ ನಿಧಾನವಾಗಿ ಹಾಳಾಗುವ ಪಿಆರ್‌ಎ ಇರಬಹುದು ಎಂದರು. ವಂಶದಿಂದ ಬರುವಂಥದ್ದು, ವಾಸಿ ಮಾಡುವ ಔಷಧಿ ಇಲ್ಲ.

ಈಗ ನನಗೆ ಅವಳಿಗಿಂತ ಜಾಸ್ತಿ ಅವಳ ಮರಿಗಳ ಚಿಂತೆ. ಎರಡು ವರ್ಷದ ಹಿಂದೆ ಆರು ಮರಿಗಳನ್ನು ಹರಿಹರ, ಚಿತ್ರದುರ್ಗ, ಹೊಳಲ್ಕೆರೆಯವರಿಗೆ ಕೊಟ್ಟೆವು. ಲ್ಯಾಬ್ರಡಾರ್‌ಗಳಲ್ಲಿ ಕಾಣುವ ಪಿಆರ್‌ಸಿಡಿ ಎಂಬ ಬಗೆಯ ಪಿಆರ್‌ಎ ಆದರೆ, ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್‌ನ ಒಂದೊಂದು ಪಾಲು ಬಂದಾಗ ಮಾತ್ರ ಕಣ್ಣು ಹೋಗುತ್ತದೆ. ಗೌರಿಗೆ ಅದೇ ಇದ್ದರೆ ಆರೂ ಮರಿಗಳಲ್ಲಿ ಒಂದು ಪಾಲು ಇದ್ದೇ ಇರುತ್ತದೆ. ಅಪ್ಪ ನಾಯಿಯಲ್ಲೂ ಒಂದು ಪಾಲು ಇದ್ದರೆ, ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 50. ಕಣ್ಣು ಚೆನ್ನಾಗಿರುವ ಮರಿಯೂ ಅದನ್ನು ಮುಂದಿನ ಪೀಳಿಗೆಗೆ ದಾಟಿಸಬಹುದು.

ಟೆಸ್ಟ್‌ಗೆ ಕೆನ್ನೆಯ ಒಳಗಿನ ಸ್ವಾಬ್ ಅಥವಾ ಸ್ವಲ್ಪ ರಕ್ತ ಸಾಕು. ಇಲ್ಲಿಂದ ಯಾರಾದರೂ ಲ್ಯಾಬ್‌ಗೆ ಕಳಿಸಿದ್ದೀರಾ? ಎಷ್ಟು ಖರ್ಚಾಯಿತು? ಸ್ವಾಬ್ ಕೊರಿಯರ್‌ನಲ್ಲಿ ಕಳಿಸಬಹುದಾ?

ನಮ್ಮಿಂದ ಮರಿ ತಗೊಂಡವರು ಇಲ್ಲಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ರಿಪೋರ್ಟ್ ಬರುವವರೆಗೂ ಕ್ರಾಸ್ ಮಾಡಿಸಬೇಡಿ. ಮರಿಗಳ ಟೆಸ್ಟ್ ಖರ್ಚು ನಾವೇ ಕೊಡುತ್ತೇವೆ.