ಕ್ಯಾಕ್ಟಸ್ ಬುಡ ಕೊಳೀತಾ ಇದೆ, ಉಳಿಸಿಕೊಂಡವರು ಇದ್ದೀರಾ? ಅನುಭವ ಹೇಳಿ

ಕಾರವಾರ ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್ ಇದೆ, ಎಳನೀರಿನಷ್ಟು ಗಾತ್ರ. ಅಕ್ಕ ಕೊಟ್ಟಿದ್ದು. ಪಿಂಗಾಣಿ ಕುಂಡ, ಅಡಿಯಲ್ಲಿ ಒಂದೇ ತೂತು. ಕಾರವಾರದ ಕೋಡಿಬಾಗದಲ್ಲಿ ಎರಡನೇ ಮಹಡಿ. ಮಳೆ ನೇರ ಬೀಳುವುದಿಲ್ಲ, ಎರಚಲು ಬರುತ್ತದೆ. ಈಗ ಗಿಡ ಒಂದು ಕಡೆ ವಾಲಿದೆ. ಬುಡ ಕಂದಾಗಿದೆ, ಒತ್ತಿದರೆ ಮೆತ್ತಗೆ, ವಾಸನೆಯೂ ಇದೆ. ಕತ್ತರಿಸಿದರೆ ಉಳಿಯುತ್ತದಾ? ಔಷಧಿ ಹೊಯ್ದರೆ ಸಾಕಾ? ಕರಾವಳಿಯ ಮಳೆಗಾಲದಲ್ಲಿ ಉಳಿಸಿಕೊಂಡವರೇ ಹೇಳಿದರೆ ಒಳ್ಳೆಯದು.

ಕುಮಟಾ ಕಳ್ಳಿಗಿಡ:
ಕತ್ತರಿಸಿ. ಇವತ್ತೇ.

ನನ್ನ ಅಸ್ಟ್ರೋಫೈಟಮ್ ಅನ್ನುವ ಕ್ಯಾಕ್ಟಸ್ ಗತಿಯೂ ಇದೇ ಆಗಿತ್ತು. ಕುಂಡದಿಂದ ಎತ್ತಿದಾಗ ಬೇರಿನ ಸಿಪ್ಪೆ ಬೆರಳಿಗೇ ಜಾರಿ ಬಂತು, ಒಳಗೆ ಬರೀ ನಾರು ಉಳಿಯಿತು. ಮೆತ್ತಗಿದ್ದ ಜಾಗಕ್ಕಿಂತ ಸ್ವಲ್ಪ ಮೇಲೆ ಕೊಯ್ದೆ. ತಿರುಳು ಬೆಳ್ಳಗೆ, ಚೆನ್ನಾಗೇ ಕಾಣ್ತಿತ್ತು. ಆದರೆ ನಡುವಿನ ಉಂಗುರದಲ್ಲಿ ಕೇಸರಿ ಬಣ್ಣದ ಚುಕ್ಕೆಗಳು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ, ಗಿಡ ಆಮೇಲೆ ಸಾಯುತ್ತದೆ. ಆ ಚುಕ್ಕೆ ಒಂದೂ ಇಲ್ಲದ ತನಕ ತೆಳ್ಳಗೆ ಕೊಯ್ಯುತ್ತಾ ಹೋಗಬೇಕು. ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ಚಾಕುವೇ ರೋಗ ಹೊತ್ತುಕೊಂಡು ಹೋಗುತ್ತದೆ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಆಗಸ್ಟ್‌ನಲ್ಲಿ ನಮ್ಮಲ್ಲಿ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಕೊಯ್ದ ಗಾಯ ಹೇಗೆ ಒಣಗೀತು? ಫ್ಯಾನ್ ಕೆಳಗೆ ಇಟ್ಟೆ, ಬೂಷ್ಟು ಬಂತು. ಅದನ್ನೂ ಕೊಯ್ದು ತೆಗೆದೆ. ಕೊನೆಗೆ ಮರದ ಪೆಟ್ಟಿಗೆಯಲ್ಲಿ ಹಳೇ ನಮೂನೆಯ ಬಲ್ಬ್ ಉರಿಸಿ, ಅದರ ಕಾವಿನಲ್ಲಿ ಇಟ್ಟ ಮೇಲೆ ಗಾಯ ಗಟ್ಟಿಯಾಯಿತು.

ಖರ್ಚು ಕೇಳಿ. ಸ್ಪಿರಿಟ್ 60, ಗಂಧಕದ ಪುಡಿ 90, ಕುಂಡಕ್ಕೆ ತುಂಬಲು ಪ್ಯೂಮಿಸ್ (ತೂತು ತೂತಿನ ಹಗುರ ಕಲ್ಲು) ಐದು ಕಿಲೋ 650, ಅದರ ಕೊರಿಯರ್ 280, ಮಣ್ಣಿನ ಕುಂಡ 120. ಒಟ್ಟು 1,200 ರೂಪಾಯಿ. ಗಿಡ ತಂದದ್ದು 350ಕ್ಕೆ. ಮನೆಯಲ್ಲಿ ಇವತ್ತಿಗೂ ಮಾತು ಕೇಳಬೇಕು. ಆದರೆ ಈ ಬೇಸಿಗೆಯಲ್ಲಿ ಹಳದಿ ಹೂ ಬಿಟ್ಟಿತು. ನನಗೆ ಅಷ್ಟು ಸಾಕು.

ಶಿರಸಿ ತೋಟದವ:
ಗಂಧಕ ಬೂದಿ ರೋಗಕ್ಕೆ ಮಾರಾಯ್ರೇ. ಬೇರು ಕೊಳೆಗೆ ಅದು ಏನು ಮಾಡೀತು? 90 ರೂಪಾಯಿ ನೀರಿಗೆ ಹಾಕಿದಿರಿ.

ಅಡಿಕೆಗೆ ಬರುವ ಕೊಳೆ ರೋಗ ಫೈಟೋಫ್ತೊರಾ ಅನ್ನುವ, ಶಿಲೀಂಧ್ರದಂಥ ರೋಗಾಣುವಿನಿಂದ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಅದೇ ಕುಲದ್ದು. ಕ್ಯಾಕ್ಟಸ್ ಬೇರಿಗೆ ಬರುವುದೂ ಇದೇ ಬಳಗ. ಜೊತೆಗೆ ಪಿಥಿಯಮ್, ಫ್ಯುಸೇರಿಯಮ್ ಅನ್ನುವ ರೋಗಾಣುಗಳೂ ಇರುತ್ತವೆ. ಅಂಗಡಿಗೆ ಹೋಗಿ ಕೊಳೆ ಅಂದರೆ ಸಾಕು, ಬಾವಿಸ್ಟಿನ್ ಪ್ಯಾಕೆಟ್ ಕೈಗಿಡ್ತಾರೆ. ಅದರಲ್ಲಿರುವುದು ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ. ಫ್ಯುಸೇರಿಯಮ್ ಆದರೆ ಒಂದಿಷ್ಟು ಹಿಡಿದೀತು. ಫೈಟೋಫ್ತೊರಾಕ್ಕೂ ಪಿಥಿಯಮ್‌ಗೂ ಅದು ತಾಗುವುದೇ ಇಲ್ಲ. ನಮ್ಮ ಜಗಲಿಯಲ್ಲಿ ಚಿಕ್ಕಮ್ಮ ಸಾಕಿದ ಕ್ಯಾಕ್ಟಸ್ ಸಾಲು ಹೋದದ್ದು ಅಂಗಡಿಯವರ ಆ ಮಾತಿನಿಂದಲೇ. ಕುಂಡಕ್ಕೆ ಹೊಯ್ದಷ್ಟೂ ಮಣ್ಣು ಮತ್ತೆ ಹಸಿ, ಬುಡ ಮತ್ತಷ್ಟು ಕೊಳೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಾಮ್ರ ಬೇಕು. 1910ರಲ್ಲಿ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿದ್ದುಕೊಂಡು ಅಡಿಕೆ ಕೊಳೆಯ ಬಗ್ಗೆ ಬರೆದರು. ಅಂದಿನಿಂದ ಇಂದಿನವರೆಗೆ ಬೋರ್ಡೋ ದ್ರಾವಣವೇ ನಮ್ಮನ್ನು ಕಾದಿದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಅದ್ದಿದ ಕಬ್ಬಿಣದ ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಒಂದು ಕುಂಡಕ್ಕೆ ಇಷ್ಟೆಲ್ಲ ಬೇಡ, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಾಕು. ಆದರೆ ಕೊಳೆತ ಬೇರನ್ನು ತಾಮ್ರವೂ ಬದುಕಿಸುವುದಿಲ್ಲ. ಒಳ್ಳೆ ಬೇರನ್ನು ಕಾಯುತ್ತದೆ, ಅಷ್ಟೇ.

ಕುಮಟಾ ಕಳ್ಳಿಗಿಡ:
ಗಂಧಕ ಹಚ್ಚಿದ್ದು ಕೊಯ್ದ ಗಾಯಕ್ಕೆ, ಬೇರಿಗೆ ಅಲ್ಲ. ಸರಿಯಾಗಿ ಓದಿ ಬರೆಯಿರಿ. ನನ್ನ ಗಿಡ ಬದುಕಿದೆ, ನಿಮ್ಮ ಜಗಲಿಯದ್ದು ಹೋಗಿದೆ.

ಶಿರಸಿ ತೋಟದವ:
ಹೋದದ್ದು ಬೇರೆಯವರ ಮಾತು ಕೇಳಿ ಅಂತ ಬರೆದಿದ್ದೇನೆ. ನೀವೂ ಓದಿ.

ಹೊನ್ನಾವರ ಅಂಗಳ:
ಇಬ್ಬರೂ ಔಷಧಿ ಔಷಧಿ ಅಂತೀರಿ. ಕುಂಡದೊಳಗೆ ಏನಿದೆ ಅಂತ ಯಾರಾದರೂ ನೋಡಿದ್ದೀರಾ?

ನಾನು ತಂದದ್ದು ಕೆಂಪು ತಲೆಯ ಮೂನ್ ಕ್ಯಾಕ್ಟಸ್. ಕೆಂಪು ಉಂಡೆಯಲ್ಲಿ ಹಸಿರು ಇಲ್ಲ, ತನ್ನ ಅನ್ನ ತಾನು ಮಾಡಿಕೊಳ್ಳುವುದಿಲ್ಲ. ಅದಕ್ಕೇ ಡ್ರ್ಯಾಗನ್ ಫ್ರೂಟ್ ಜಾತಿಯ ದಂಟಿಗೆ ಕಸಿ ಕಟ್ಟಿರುತ್ತಾರೆ. ದಂಟು ಕೊಳೆತರೆ ತಲೆಯೂ ಹೋದ ಹಾಗೆ. ಕುಂಡದ ಮೇಲೆ ಬಿಳಿ ಕಲ್ಲು ಹರಡಿದ್ದರು, ನೋಡಲು ಚಂದ. ಒಂದು ಕಲ್ಲು ಎತ್ತಲು ಹೋದರೆ ಎಲ್ಲ ಒಟ್ಟಿಗೇ ಬಂತು. ಗೋಂದು ಹಾಕಿ ಅಂಟಿಸಿದ್ದರು! ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಕೆಳಗೆ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹಿಂಡಿದರೆ ನೀರು. ಬೇರಿನ ನಡುವೆ ಸಸಿ ಬೆಳೆಸುವ ಬಲೆಚೀಲ ಹಾಗೇ ಇತ್ತು. ಮೇಲಿಂದ ಗಾಳಿಯಾಡುವುದಿಲ್ಲ, ಒಳಗೆ ನೀರು ಆರುವುದಿಲ್ಲ. ಇನ್ನೇನಾಗುತ್ತದೆ?

ಗಿಡ 180, ಹೋಗಿ ಬರುವ ಬಸ್ ಚಾರ್ಜ್ 90. ಅದು ಸತ್ತ ಮೇಲೆ ಇನ್ನೊಂದು, 220. ಅದರ ಕಲ್ಲೂ ಅಂಟಿಸಿದ್ದೇ. ಮಾರಿದವರನ್ನು ಕೇಳಿದರೆ ‘ನೀರು ಜಾಸ್ತಿ ಹಾಕಿದ್ದೀರಿ’ ಅಂತ ನನಗೇ ಹೇಳಿದರು. ನೀರು ಹಾಕಿದ್ದರೆ ತಾನೇ! ಕಾರವಾರದ ತಂಗಿ, ಮೊದಲು ನಿಮ್ಮ ಕುಂಡದ ಮಣ್ಣು ಕೆಡವಿ ನೋಡಿ.

ಅಂಕೋಲಾ:
ಪ್ಯೂಮಿಸ್‌ಗೆ 650, ಕೊರಿಯರ್‌ಗೆ 280! ಮನೆ ಮುಂದೆ ಸಮುದ್ರ ಇಟ್ಟುಕೊಂಡು? ನಾನು ಕಡಲ ಮರಳು ತಂದು, ಮಳೆ ನೀರಲ್ಲಿ ತೊಳೆದು, ಕೊಟ್ಟಿಗೆ ಗೊಬ್ಬರ ಬೆರೆಸಿ ಹಾಕುತ್ತೇನೆ. ಪಾಪಾಸುಕಳ್ಳಿ ಆಳೆತ್ತರ ಬೆಳೆದಿದೆ. ಒಂದು ಪೈಸೆ ಖರ್ಚಿಲ್ಲ.

ಕುಮಟಾ ಕಳ್ಳಿಗಿಡ:
ಪಾಪಾಸುಕಳ್ಳಿ ಮರಳದಂಡೆಯಲ್ಲಿ ತಾನೇ ಹುಟ್ಟುತ್ತದೆ. ಅದನ್ನು ಬ್ಯಾರೆಲ್‌ಗೆ ಹೋಲಿಸಬೇಡಿ. ಕಡಲ ಮರಳಲ್ಲಿ ಉಪ್ಪು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಕಣ ಸಣ್ಣದು, ಎಲ್ಲ ಒಂದೇ ಗಾತ್ರ. ಕುಂಡದಲ್ಲಿ ಒತ್ತಿ ಕೂತು ನೀರು ಹಿಡಿದುಕೊಳ್ಳುತ್ತದೆ. ತೊಳೆದರೆ ಉಪ್ಪು ಹೋದೀತು, ಕಣ ದಪ್ಪ ಆಗುತ್ತದಾ? ಮೇಲಿಂದ ಕೊಟ್ಟಿಗೆ ಗೊಬ್ಬರ ಬೇರೆ! ಇದನ್ನು ನಂಬಿ ಇವರು ಗಿಡ ಕೊಂದರೆ ಯಾರು ಹೊಣೆ?

ಅಂಕೋಲಾ:
ಹಾಗಾದರೆ ಹೊಳೆ ಮರಳು ತಂದುಕೊಡಿ ನೋಡೋಣ. ಮನೆ ಕಟ್ಟುವವರಿಗೇ ಸಿಗ್ತಾ ಇಲ್ಲ. ಗಂಗಾವಳಿ ಹೊಳೆ ಪಕ್ಕದಲ್ಲೇ ಇದ್ದೂ ನಾವು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತಂದು ಗಿಲಾಯಿ ಮಾಡಿಸಿದ್ದೇವೆ. ಬಡವರು ಗಿಡ ಸಾಕುವುದೇ ಬೇಡವಾ?

ಹೊನ್ನಾವರ ಅಂಗಳ:
ಮರಳಿನ ಜಗಳ ಬೇರೆ ಕಡೆ ಮಾಡಿ. ಚಿರೆಕಲ್ಲು ಕಡಿಯುವಲ್ಲಿ ಚೂರು ಪುಕ್ಕಟೆ ಸಿಗುತ್ತದೆ. ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ, ಜರಡಿ ಹಿಡಿದು, ಪುಡಿ ಚೆಲ್ಲಿ, ತೊಳೆದು ಬಳಸಿ. ಪುಡಿ ಉಳಿದರೆ ಕೆಸರಾಗುತ್ತದೆ. ಮುಕ್ಕಾಲು ಪಾಲು ಚೂರು, ಉಳಿದದ್ದು ಮಣ್ಣು. ಇಟ್ಟಿಗೆ ಚೂರಾದರೂ ಆದೀತು.

ಯಲ್ಲಾಪುರ ಬೆಟ್ಟ:
ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಮೆಕ್ಸಿಕೋದ ಮರಳುಗಾಡಿನ ಗಿಡ ಯಾಕೆ ಬೇಕು? ನಾನು ಎಲ್ಲ ಕ್ಯಾಕ್ಟಸ್ ಹಂಚಿಬಿಟ್ಟೆ. ಈಗ ಮರದ ಮೇಲೆ ಬೆಳೆಯುವ ಆರ್ಕಿಡ್, ಸೀತಾಳೆ ದಂಡೆ ಬೆಳೆಸಿದ್ದೇನೆ. ಮಳೆ ಬಂದಷ್ಟೂ ಅದಕ್ಕೆ ಖುಷಿ. ಬೇರು ಗಾಳಿಯಲ್ಲೇ ಇರುತ್ತದೆ, ಕೊಳೆಯುವ ಮಾತೇ ಇಲ್ಲ.

ಶಿರಸಿ ತೋಟದವ:
ಸೀತಾಳೆ ಎಲ್ಲಿಂದ ತಂದಿರಿ? ಕಾಡಿನ ಮರದಿಂದ ಕಿತ್ತದ್ದಾದರೆ ಇಲ್ಲಿ ಹೇಳಿಕೊಳ್ಳುವ ವಿಷಯವೇ ಅಲ್ಲ ಅದು.

ಯಲ್ಲಾಪುರ ಬೆಟ್ಟ:
ಗಾಳಿಗೆ ಮುರಿದು ಬಿದ್ದ ಕೊಂಬೆಯಿಂದ ತಂದದ್ದು. ಬಿಟ್ಟಿದ್ದರೆ ನೆಲದಲ್ಲಿ ಕೊಳೆಯುತ್ತಿತ್ತು. ಗೊತ್ತಿಲ್ಲದೆ ಕಳ್ಳತನ ಹೊರಿಸಬೇಡಿ.

ಶಿರಸಿ ತೋಟದವ:
ಬಿದ್ದ ಕೊಂಬೆಯದ್ದಾದರೆ ನನ್ನ ಮಾತು ವಾಪಸ್. ಆದರೆ ಇದನ್ನು ಓದಿ ನಾಲ್ಕು ಜನ ಬೆಟ್ಟಕ್ಕೆ ಕತ್ತಿ ಹಿಡಿದು ಹೋಗುತ್ತಾರೆ. ಅದು ನನಗೆ ಹೆದರಿಕೆ.

ಭಟ್ಕಳ ಟೆರೇಸ್:
ಟ್ರೈಕೋಡರ್ಮಾ ಯಾರೂ ಹೇಳಲೇ ಇಲ್ಲ. ನನ್ನ ಕಾಳುಮೆಣಸಿನ ಬಳ್ಳಿ ಅದರಿಂದಲೇ ನಿಂತಿದೆ. ಕ್ಯಾಕ್ಟಸ್‌ಗೂ ಹಾಕುತ್ತೇನೆ.

ಹೊನ್ನಾವರ ಅಂಗಳ:
ಅದು ಜೀವ ಇರುವ ಶಿಲೀಂಧ್ರ. ಗೊಬ್ಬರ, ತೇವ ಎರಡೂ ಇದ್ದಲ್ಲಿ ಬೆಳೆಯುತ್ತದೆ. ಒಣ ಕಲ್ಲುಚೂರಿನ ಕುಂಡದಲ್ಲಿ ಏನು ತಿಂದು ಬದುಕೀತು? ಅದಕ್ಕಾಗಿ ತೇವ ಇಟ್ಟರೆ ಕ್ಯಾಕ್ಟಸ್ ಹೋಗುತ್ತದೆ.

ಶಿರಸಿ ತೋಟದವ:
ತಾಮ್ರದ ಜೊತೆಗಂತೂ ಹಾಕಲೇಬೇಡಿ, ಅದೂ ಸಾಯುತ್ತದೆ. ಈ ಒಂದು ವಿಷಯದಲ್ಲಿ ಹೊನ್ನಾವರದವರ ಮಾತು ಸರಿ.

ಕಾರವಾರ ಬಾಲ್ಕನಿ:
ಎಲ್ಲರ ಮಾತೂ ಓದಿದೆ. ಗಿಡ ಕಿತ್ತೆ. ಹೊನ್ನಾವರದ ಅಕ್ಕ ಹೇಳಿದ ಹಾಗೇ ನಡುವೆ ಕೋಕೋಪೀಟ್ ಉಂಡೆ ಇತ್ತು. ತೂತಿನ ಮೇಲೆ ಚಪ್ಪಟೆ ಹಂಚಿನ ತುಂಡು ಅಂಟಿಕೊಂಡು ನೀರು ಹೊರಗೇ ಹೋಗ್ತಿರಲಿಲ್ಲ. ಕುಮಟಾದವರ ಮಾತಿನಂತೆ ಕೊಯ್ದೆ. ಈಗ ತಿರುಳು ಬೆಳ್ಳಗಿದೆ, ಉಂಗುರದ ಒಂದು ಬದಿಯಲ್ಲಿ ಮಾತ್ರ ಕಂದು ಗೆರೆ. ಇನ್ನೂ ಕೊಯ್ದರೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಕೈ ಬರ್ತಾ ಇಲ್ಲ.

ಕುಮಟಾ ಕಳ್ಳಿಗಿಡ:
ಕೊಯ್ಯಿರಿ ತಂಗಿ. ಗೆರೆ ಉಳಿದರೆ ಅರ್ಧವೂ ಉಳಿಯುವುದಿಲ್ಲ. ಬ್ಯಾರೆಲ್‌ನ ಗಾಯ ಅಗಲ, ಗಟ್ಟಿಯಾಗಲು ವಾರಗಟ್ಟಲೆ ಬೇಕು. ಬೇರು ಬರಲು ತಿಂಗಳುಗಳೇ ಹಿಡಿದಾವು, ಬಾರದೆಯೂ ಇರಬಹುದು. ಗಾಯ ಪೂರ್ತಿ ಒಣಗಿದ ಮೇಲೆ ಒಣ ಕಲ್ಲುಚೂರಿನ ಮೇಲೆ ಸುಮ್ನೆ ಕೂರಿಸಿ. ಹೂಳಬೇಡಿ. ದಸರಾ ತನಕ ನೀರು ಬೇಡ. ಮುಂದಿನ ವರ್ಷದಿಂದ ಮೇ ಕೊನೆಗೇ ನೀರು ನಿಲ್ಲಿಸಿ.

ಹೊನ್ನಾವರ ಅಂಗಳ:
ಬೇರಿಲ್ಲದ ತುಂಡಿಗೆ ನೀರು ಬೇಡ, ಒಪ್ಪಿದೆ. ಬೇರಿರುವ ಗಿಡಕ್ಕೆ ನಾಲ್ಕು ತಿಂಗಳು ಪೂರ್ತಿ ಬಂದ್ ಮಾಡಿದರೆ ಎಳೆ ಬೇರು ಒಣಗಿ ಸಾಯುತ್ತದೆ. ಆಮೇಲೆ ಒಮ್ಮೆಲೇ ನೀರು ಹೊಯ್ದಾಗ ಸತ್ತ ಬೇರಿನಿಂದಲೇ ಕೊಳೆ ಶುರು. ಮಳೆ ಬಿಟ್ಟು ಬಿಸಿಲು ಬಂದ ವಾರ ಅಂಚಿನಲ್ಲಿ ಸ್ವಲ್ಪ ಕೊಡಬೇಕು.

ಕುಮಟಾ ಕಳ್ಳಿಗಿಡ:
ಜುಲೈನಲ್ಲಿ ನಿಮಗೆ ಬಿಸಿಲಿನ ವಾರ ಎಲ್ಲಿ ಸಿಕ್ಕಿತು? ಗಾಳಿಯಲ್ಲಿರುವ ತೇವವೇ ಸಾಕು ಅಂತ ನನ್ನ ಗಿಡಗಳೇ ತೋರಿಸಿವೆ.

ಶಿರಸಿ ತೋಟದವ:
ಕಾರವಾರದವರೇ, ಕೊಯ್ದ ಚೂರು, ಹಳೇ ಮಣ್ಣು ಬೇರೆ ಕುಂಡಕ್ಕೆ ಹಾಕಬೇಡಿ. ತೋಟ ಇದ್ದವರ ಮನೆಗೂ ಕೊಡಬೇಡಿ. ಪಿಂಗಾಣಿ ಕುಂಡವನ್ನು ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗಿಡಿ. ಕುಮಟಾದವರು ಹೇಳಿದ ಬಲ್ಬಿನ ಪೆಟ್ಟಿಗೆ ಒಳ್ಳೆ ಉಪಾಯ, ಅದನ್ನು ಮಾಡಿ. ಗಂಧಕದ ಬಗ್ಗೆ ನನ್ನ ಮಾತು ಮಾತ್ರ ಅದೇ.