ಮಗ ನ್ಯಾಷನಲ್ ಗಾರ್ಡ್ ಸೇರ್ತಾನಂತೆ, ಮನೆ ಟೆಕ್ಸಾಸ್‌ಗೆ ಹೊರಟಿದೆಯಂತೆ: ಸಹಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಗೌರಿಬಿದನೂರಿನ ತಂಗಿ ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ನೋಡದವರಿಗೆ ವಿಷಯ ಇಷ್ಟು: ಅವರ ಮಗನಿಗೆ 17 ವರ್ಷ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹೈಸ್ಕೂಲಿನ ಕೊನೇ ವರ್ಷ. ನ್ಯಾಷನಲ್ ಗಾರ್ಡ್ (ಪ್ರತಿ ರಾಜ್ಯದಲ್ಲೂ ಇರುವ ಅರೆಕಾಲಿಕ ಸೈನ್ಯ) ಸೇರಿ ಕಾಲೇಜು ಫೀಸು ತಾನೇ ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಅದೇ ಹೊತ್ತಿಗೆ ಅವರ ಯಜಮಾನರ ಕೆಲಸ ಟೆಕ್ಸಾಸ್‌ಗೆ ಬದಲಾಗುತ್ತಿದೆ. ಹುಡುಗನಿಗೆ 18 ತುಂಬಿಲ್ಲ, ಹಾಗಾಗಿ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು. ರಿಕ್ರೂಟರ್, ಅಂದರೆ ಸೈನ್ಯಕ್ಕೆ ಜನ ಸೇರಿಸುವವರು, ಮನೆಗೇ ಬಂದು ಕಾಗದ ಕೊಟ್ಟು ಹೋಗಿದ್ದಾರೆ.

ಪ್ರಶ್ನೆಯ ಕೆಳಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಮುಕ್ಕಾಲು ಪಾಲು "ಅಯ್ಯೋ ಬೇಡಮ್ಮಾ, ಕಂಪ್ಯೂಟರ್ ಸೈನ್ಸ್ ಓದಿಸು" ಅನ್ನೋ ಥರದವು. ನನಗೆ ಸ್ವಲ್ಪ ನಗು ಬಂತು. ನಮ್ಮ ಮಧುಗಿರಿ, ಕೊರಟಗೆರೆ ಕಡೆ ಮನೆಯಲ್ಲಿ ಒಬ್ಬ ಮಿಲಿಟರಿಯಲ್ಲಿದ್ದರೆ ಅವನ ಯೂನಿಫಾರ್ಮ್ ಫೋಟೊ ನಡುಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಇರುತ್ತೆ. ಇಲ್ಲಿಗೆ ಬಂದ ಮೇಲೆ ಅದೇ ಸುದ್ದಿಯನ್ನು ಯುಗಾದಿ ಕಾರ್ಯಕ್ರಮದಲ್ಲಿ ಪಿಸುಮಾತಿನಲ್ಲಿ ಹೇಳುತ್ತೇವೆ. ಇರಲಿ. ಸೇರಬೇಕಾ ಬೇಡವಾ ಅನ್ನೋದು ಆ ಹುಡುಗ, ಅವನ ಅಪ್ಪ ಅಮ್ಮ ಕೂತು ಮಾತಾಡುವ ವಿಷಯ. ನಾನು ಅದರೊಳಗೆ ಹೋಗುವುದಿಲ್ಲ. ಸೇರುವುದೇ ಆದರೆ ಯಾವ ರಾಜ್ಯದಲ್ಲಿ ಸೇರುತ್ತಾನೆ ಅನ್ನೋದನ್ನು ಮೊದಲು ತೀರ್ಮಾನ ಮಾಡಿ. ನಾನು ಹೇಳಬೇಕಾಗಿರುವುದು ಅದೊಂದೇ.

ನಾನು ಸ್ಯಾನ್ ಆಂಟೋನಿಯೋದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಮಾಜಿ ಸೈನಿಕರ ಫೀಸು ಕಾಗದಗಳನ್ನು ನೋಡುವ ವಿಭಾಗದಲ್ಲಿದ್ದೇನೆ. ಊರು ತುಂಬಾ ಸೈನ್ಯದವರೇ. ನನ್ನ ಮೇಜಿನ ಮುಂದೆ ಕೂತು ಜಗಳ ಆಡುವವರಲ್ಲಿ ಹೆಚ್ಚಿನವರ ತಕರಾರು ಒಂದೇ: "ನಾನೂ ಅಮೆರಿಕದ ಸೈನ್ಯದಲ್ಲೇ ಇದ್ದವನು, ಅವನಿಗೆ ಫೀಸು ಮಾಫಿ, ನನಗೆ ಯಾಕಿಲ್ಲ?"

ಇದು ನಮ್ಮವರಿಗೆ ಅರ್ಥವಾಗದ ವಿಷಯ ಏನಲ್ಲ. ನಮ್ಮ ದೊಡ್ಡಪ್ಪ ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ (ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೇರಿ ಹವಾಲ್ದಾರ್ ಆಗಿ ನಿವೃತ್ತರಾದವರು. ಪಿಂಚಣಿ ಕೇಂದ್ರದ್ದು. ಆದರೆ ಸರ್ಕಾರಿ ಕೆಲಸದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಇರುವ ಶೇ 10 ಮೀಸಲಾತಿ ಕರ್ನಾಟಕದ ನಿಯಮ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ ಇಟ್ಟಿರುವ ಪಾಲೂ ಕರ್ನಾಟಕದ್ದೇ. ಜಮೀನಿಗೆ ಅರ್ಜಿ ಹಾಕಿ ದೊಡ್ಡಪ್ಪ ಎಷ್ಟು ಚಪ್ಪಲಿ ಸವೆಸಿದರೋ! "ಬಾರ್ಡರ್‌ನಲ್ಲಿ ಯಾವ ತಾಲ್ಲೂಕು ಅಂತ ಯಾರೂ ಕೇಳಲಿಲ್ಲ ಕಣಮ್ಮ, ಇಲ್ಲಿ ಅದೇ ಮೊದಲು ಕೇಳೋದು" ಅಂತಾರೆ. ಅಮೆರಿಕದಲ್ಲೂ ಹೀಗೇ. ಸಂಬಳ, ಜಿಐ ಬಿಲ್ (ಸೈನಿಕರ ಓದಿಗೆ ಕೊಡುವ ನೆರವು), ಆಸ್ಪತ್ರೆ ಇವೆಲ್ಲ ಫೆಡರಲ್, ಅಂದರೆ ಕೇಂದ್ರದ್ದು. ಕಾಲೇಜು ಫೀಸು ಮಾಫಿ, ಮನೆ ತೆರಿಗೆ ಇವೆಲ್ಲ ರಾಜ್ಯದ ಕೈಯಲ್ಲಿ.

ಟೆಕ್ಸಾಸ್‌ನಿಂದಲೇ ಶುರು ಮಾಡುತ್ತೇನೆ. ಇಲ್ಲಿ ಹೇಜಲ್‌ವುಡ್ ಆಕ್ಟ್ ಅಂತ ಒಂದು ಕಾನೂನು ಇದೆ. ಅರ್ಹರಾದ ಮಾಜಿ ಸೈನಿಕರಿಗೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 150 ಕ್ರೆಡಿಟ್ ಗಂಟೆಗಳವರೆಗೆ (ಕಾಲೇಜು ಓದನ್ನು ಅಳೆಯುವ ಲೆಕ್ಕ) ಟ್ಯೂಷನ್, ಅಂದರೆ ಓದಿನ ಫೀಸು, ಮಾಫಿ. ಒಂದು ಡಿಗ್ರಿಗೆ ಸುಮಾರು 120 ಬೇಕು ಅಂದುಕೊಂಡರೆ, ಡಿಗ್ರಿ ಮುಗಿದು ಇನ್ನೂ ಮಿಗುತ್ತೆ. 2009ರಿಂದ ಉಳಿದ ಗಂಟೆಗಳನ್ನು ಮಕ್ಕಳಿಗೆ ವರ್ಗಾಯಿಸಲೂ ಬರುತ್ತೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ಷರತ್ತು ಕೇಳಿ. ಸೈನ್ಯಕ್ಕೆ ಸೇರುವಾಗ ಟೆಕ್ಸಾಸ್‌ನಲ್ಲಿ ಸೇರಿರಬೇಕು, ಇಲ್ಲವೇ ಟೆಕ್ಸಾಸನ್ನು ಹೋಮ್ ಆಫ್ ರೆಕಾರ್ಡ್ (ಸೇರುವಾಗ ದಾಖಲಿಸುವ ಸ್ವಂತ ಊರು) ಅಂತ ಬರೆಸಿರಬೇಕು, ಇಲ್ಲವೇ ಆಗ ಟೆಕ್ಸಾಸ್ ನಿವಾಸಿ ಆಗಿರಬೇಕು. ಆಮೇಲೆ ಬಂದು ಇಲ್ಲಿ ಎಷ್ಟು ವರ್ಷ ಬಾಳಿದರೂ ಲೆಕ್ಕಕ್ಕಿಲ್ಲ. ಬೇರೆ ರಾಜ್ಯದಲ್ಲಿ ಸೇರಿ, ಆಮೇಲೆ ಇಲ್ಲಿ ನೆಲೆಸಿ, ಹ್ಯೂಸ್ಟನ್‌ನಲ್ಲಿ ಲಾ ಓದಲು ಹೋದ ಒಬ್ಬ ಮಾಜಿ ಸೈನಿಕರು ಇದು ಅನ್ಯಾಯ ಅಂತ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಅವರ ಪರ ಹೇಳಿತು. 2017ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿ, ರಾಜ್ಯ ಹೀಗೆ ಷರತ್ತು ಹಾಕಬಹುದು ಅಂದಿತು. ಅಂದರೆ, 17ನೇ ವಯಸ್ಸಿನಲ್ಲಿ ತುಂಬಿದ ಒಂದು ಸಾಲು 40ನೇ ವಯಸ್ಸಿನಲ್ಲಿ ಅವನ ಮಕ್ಕಳ ಫೀಸಿನ ಹೊತ್ತಿಗೆ ಎದುರಿಗೆ ಬಂದು ನಿಲ್ಲುತ್ತೆ.

ಅದಕ್ಕೇ ತಂಗಿ, ಇಲಿನಾಯ್‌ನಲ್ಲಿ ಸೇರಿಸಿ ಮಾರನೇ ತಿಂಗಳು ಇಲ್ಲಿಗೆ ಬಂದರೆ ನಿಮ್ಮ ಹುಡುಗನಿಗೆ ಹೇಜಲ್‌ವುಡ್ ಬಾಗಿಲು ಬಹುಶಃ ಮುಚ್ಚಿದ ಹಾಗೇ.

ಹಾಗಂತ ಟೆಕ್ಸಾಸ್‌ನಲ್ಲಿ ಸೇರಿದ ತಕ್ಷಣ ಬಾಗಿಲು ತೆರೆಯುತ್ತೆ ಅಂತಲೂ ಅಲ್ಲ. ತರಬೇತಿ ಬಿಟ್ಟು ಕನಿಷ್ಠ 181 ದಿನ ಆಕ್ಟಿವ್ ಡ್ಯೂಟಿ, ಅಂದರೆ ಪೂರ್ಣಾವಧಿ ಸೇವೆ, ಆಗಿರಬೇಕು. ಗಾರ್ಡ್ ಹುಡುಗರು ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಹೋಗಿ ಬರುವವರು. ಎಲ್ಲಾದರೂ ಡಿಪ್ಲಾಯ್ ಮಾಡದೇ (ಕಾರ್ಯಾಚರಣೆಗೆ ಕಳಿಸದೇ) ಇದ್ದರೆ ಈ 181 ದಿನ ತುಂಬುವುದೇ ಇಲ್ಲ. ಗಾರ್ಡ್‌ನವರಿಗೆ ಇಲ್ಲಿ ಬೇರೆ ಟ್ಯೂಷನ್ ಸಹಾಯ ಇದೆ, ಅದು ಹೇಜಲ್‌ವುಡ್ ಅಲ್ಲ. ಪೋಷಕರು ಎರಡನ್ನೂ ಕಲಸಿಬಿಡುತ್ತಾರೆ. ರಿಕ್ರೂಟರ್‌ಗಳೂ ಬಿಡಿಸಿ ಹೇಳುವುದಿಲ್ಲ, ಅವರಿಗೆ ತಮ್ಮ ಕೋಟಾ ತುಂಬುವ ಚಿಂತೆ.

ಗಾರ್ಡ್ ಮಟ್ಟಿಗೆ ನೋಡಿದರೆ ಇಲಿನಾಯ್ ಧಾರಾಳಿ. ಅಲ್ಲಿನ ಗಾರ್ಡ್‌ನಲ್ಲಿ ಒಂದು ವರ್ಷ ಸೇವೆ ಮುಗಿಸಿದವರಿಗೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಟ್ಯೂಷನ್‌ಗೆ ಗ್ರಾಂಟ್ ಇದೆ, ನಾಲ್ಕು ವರ್ಷದ ಓದಿಗೆ ಸಾಕಾಗುವಷ್ಟು. ಆದರೆ ಓದಬೇಕಾದದ್ದು ಇಲಿನಾಯ್‌ನಲ್ಲೇ. ಗಾರ್ಡ್‌ನಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗ ಆಗಬಹುದು, ಆದರೆ ಆಗ ಹಳೇ ರಾಜ್ಯದ ಗ್ರಾಂಟ್ ಜೊತೆಗೆ ಬರುವುದಿಲ್ಲ. ಹಾಗಾಗಿ ಎರಡೇ ದಾರಿ ಕಾಣುತ್ತೆ. ಹುಡುಗ ಇಲಿನಾಯ್‌ನಲ್ಲೇ ಹಾಸ್ಟೆಲ್‌ನಲ್ಲಿದ್ದು ಓದುತ್ತಾನೆ ಅಂದರೆ ಅಲ್ಲೇ ಸೇರಲಿ. ನೀವು ಟೆಕ್ಸಾಸ್‌ಗೆ ಬಂದರೂ ಅವನು ಅಲ್ಲಿನ ನಿವಾಸಿಯಾಗೇ ಉಳಿಯುತ್ತಾನಾ ಅನ್ನೋದನ್ನು ಮಾತ್ರ ಕಾಲೇಜಿನಲ್ಲಿ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ನಿಮ್ಮ ಜೊತೆಗೇ ಬರುತ್ತಾನೆ ಅಂದರೆ ಮನೆ ಬದಲಾಯಿಸಿ, ಇಲ್ಲಿನ ವಿಳಾಸ ಆದ ಮೇಲೆ ಇಲ್ಲೇ ಸೇರಲಿ. ಆರು ತಿಂಗಳು ತಡವಾದರೆ ಏನೂ ಮುಳುಗುವುದಿಲ್ಲ. ನಾನಾಗಿದ್ದರೆ ಎರಡನೆಯದನ್ನೇ ಮಾಡುತ್ತಿದ್ದೆ.

ಇನ್ನೊಂದು ವಿಷಯ. ಗಾರ್ಡ್‌ಗೆ ಇಬ್ಬರು ಯಜಮಾನರು. ಅಧ್ಯಕ್ಷರು ಕರೆದರೆ ಫೆಡರಲ್ ಸೇವೆ. ಪ್ರವಾಹ, ಚಂಡಮಾರುತ ಬಂದು ಗವರ್ನರ್ ಕರೆದರೆ ಅದು ರಾಜ್ಯದ ಸೇವೆ ಆಗಬಹುದು. ಆಗ ಸಂಬಳ, ಗಾಯವಾದರೆ ಪರಿಹಾರ ಇವುಗಳಿಗೆ ಬಹುಪಾಲು ರಾಜ್ಯದ ಕಾನೂನೇ ಗತಿ. ಇಲಿನಾಯ್‌ನಲ್ಲಿ ಕೆಲಸದ ರಕ್ಷಣೆಗೆ 2019ರ ಜನವರಿಯಿಂದ ಜಾರಿಗೆ ಬಂದ ಬೇರೆಯದೇ ಕಾಯ್ದೆ ಇದೆ. ಟೆಕ್ಸಾಸ್‌ನಲ್ಲಿ ಗೌರ್ನಮೆಂಟ್ ಕೋಡ್‌ನ 437ನೇ ಅಧ್ಯಾಯ ನೋಡಬೇಕು. ಬರೀ ವಾರಾಂತ್ಯದ ಡ್ರಿಲ್ ಮಾಡಿದರೆ ದೊಡ್ಡ ಜಿಐ ಬಿಲ್ ಸಿಗುವುದಿಲ್ಲ. ಆರು ವರ್ಷಕ್ಕೆ ಒಪ್ಪಿಕೊಂಡವರಿಗೆ ಚಿಕ್ಕದೊಂದು ಬೇರೆ ಇದೆ, ತಿಂಗಳ ಕೈಖರ್ಚಿಗೆ ಆಗುತ್ತೆ. ಒಟ್ಟು ಕರಾರು ಸಾಮಾನ್ಯವಾಗಿ ಎಂಟು ವರ್ಷ. ಡ್ರಿಲ್ ನಿಂತ ಮೇಲೂ ಉಳಿದ ವರ್ಷ ಹೆಸರು ಪಟ್ಟಿಯಲ್ಲೇ ಇರುತ್ತೆ. ಊರಿನಲ್ಲಿ ಅಗ್ನಿವೀರರ ನಾಲ್ಕು ವರ್ಷದ ಸುದ್ದಿ ಕೇಳಿದವರು ಇಲ್ಲೂ ಹಾಗೇ ಅಂದುಕೊಳ್ಳಬೇಡಿ.

ಬಂಗಾರಪೇಟೆಯ ಅಣ್ಣ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಸೈನಿಕರ ಮಕ್ಕಳಿಗೂ ಫೀಸು ಇಲ್ಲ ಅಂತ ಬರೆದಿದ್ದರು. ಎಲ್ಲರಿಗೂ ಅಲ್ಲ. ಸೇವೆಯಿಂದ ಅಂಗವೈಕಲ್ಯ ಬಂದವರ ಅಥವಾ ತೀರಿಕೊಂಡವರ ಕುಟುಂಬಕ್ಕೆ ಅದು ಮುಖ್ಯವಾಗಿ ಇರುವುದು. ವರ್ಜೀನಿಯಾದಲ್ಲೂ ಅಂಥದ್ದೊಂದು ಇದೆ. 2024ರಲ್ಲಿ ಖರ್ಚು ಜಾಸ್ತಿ ಆಯಿತು ಅಂತ ಅಲ್ಲಿನ ಶಾಸಕರು ಬಜೆಟ್‌ನಲ್ಲಿ ಷರತ್ತು ಬಿಗಿ ಮಾಡಿದರು. ಸೈನಿಕರ ಕುಟುಂಬಗಳು ಬೊಬ್ಬೆ ಹಾಕಿದ ಮೇಲೆ ಕೆಲವೇ ವಾರಗಳಲ್ಲಿ ಅದನ್ನು ವಾಪಸ್ ತೆಗೆದರು. ರಾಜ್ಯದ ಕಾನೂನು ನೆಚ್ಚಿ ಹತ್ತು ವರ್ಷದ ಲೆಕ್ಕ ಹಾಕುವವರು ಇದನ್ನೂ ನೆನಪಿಡಿ.

ಶಿರಾದ ಹುಡುಗಿ ಕೇಳಿದ್ದು ಬೇರೆ. ಅವಳ ಗಂಡನೇ ಆರ್ಮಿಯಲ್ಲಿ, ಎರಡು ಮೂರು ವರ್ಷಕ್ಕೊಮ್ಮೆ ವರ್ಗ, ಮಕ್ಕಳ ಸ್ಕೂಲು ಒದ್ದಾಟ. ನಿನಗೆ ಒಳ್ಳೇ ಸುದ್ದಿ ಇದೆ ಕಣಮ್ಮ. ಸೈನಿಕರ ಮಕ್ಕಳ ಓದಿನ ಬಗ್ಗೆ ರಾಜ್ಯಗಳೇ ಸೇರಿ ಮಾಡಿಕೊಂಡ ಒಪ್ಪಂದ ಇದೆ, ಈಗ 50 ರಾಜ್ಯಗಳೂ ಅದರಲ್ಲಿವೆ. ಹಳೇ ಶಾಲೆಯಿಂದ ಅಧಿಕೃತ ದಾಖಲೆ ಬರುವ ತನಕ ಕಾಯಿಸದೆ, ಕೈಯಲ್ಲಿರುವ ಪ್ರತಿ ನೋಡಿ ಸೇರಿಸಿಕೊಳ್ಳಬೇಕು. ಲಸಿಕೆ ಬಾಕಿ ಇದ್ದರೆ 30 ದಿನ ಸಮಯ. ಹೊಸ ರಾಜ್ಯದ ವಯಸ್ಸಿನ ನಿಯಮ ಬೇರೆ ಇದೆ ಅಂತ ಕಿಂಡರ್‌ಗಾರ್ಟನ್ ಮಗುವನ್ನು ಹಿಂದಕ್ಕೆ ಹಾಕುವ ಹಾಗಿಲ್ಲ. ಗಂಡ ಡಿಪ್ಲಾಯ್ ಆಗುವ ಮುಂಚೆ, ಬಂದ ಮೇಲೆ ಮಕ್ಕಳಿಗೆ ಹೆಚ್ಚು ರಜೆ ಕೊಡಲು ಶಾಲೆಗೆ ಅವಕಾಶ ಇದೆ. ಆಫೀಸಿನಲ್ಲಿ ಕೂತವರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. "ಇಂಟರ್‌ಸ್ಟೇಟ್ ಕಾಂಪ್ಯಾಕ್ಟ್" ಅಂತ ನೀನೇ ಬಾಯಿ ಬಿಟ್ಟು ಹೇಳಬೇಕು. ನೀನು ನರ್ಸ್ ಅಂದೆ ಅಲ್ವಾ, ಲೈಸೆನ್ಸ್ ವಿಷಯದಲ್ಲೂ 2023ರಿಂದ ಫೆಡರಲ್ ಕಾನೂನು ಸೈನಿಕರ ಗಂಡ ಹೆಂಡತಿಯರ ಪರ ಇದೆ. ಹೊಸ ರಾಜ್ಯದ ಬೋರ್ಡಿಗೆ ಗಂಡನ ಆರ್ಡರ್ ಪ್ರತಿ ಕಳಿಸಿ ಕೇಳು.

ಎಚ್-4ನಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳು ಸೇರಬಹುದಾ ಅಂತ ಇಬ್ಬರು ಕೇಳಿದ್ದಾರೆ. ಆಗುವುದಿಲ್ಲ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಬೇಕು, ಆಫೀಸರ್ ಆಗಬೇಕಾದರೆ ಪೌರತ್ವವೇ ಬೇಕು. ವೀಸಾದವರನ್ನೂ ತೆಗೆದುಕೊಳ್ಳುತ್ತಿದ್ದ ಒಂದು ಯೋಜನೆ 2008ರಲ್ಲಿ ಶುರುವಾಗಿತ್ತು, 2016ರಲ್ಲಿ ನಿಂತುಹೋಯಿತು. ಯೂಟ್ಯೂಬ್‌ನಲ್ಲಿ ಹಳೇ ವಿಡಿಯೊ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಆದರೆ ಗ್ರೀನ್ ಕಾರ್ಡ್ ಇರುವ ಗಂಡು ಮಕ್ಕಳು ಸೈನ್ಯದ ಕಡೆ ತಲೆ ಹಾಕದಿದ್ದರೂ, 18 ತುಂಬಿದಾಗ ಸೆಲೆಕ್ಟಿವ್ ಸರ್ವಿಸ್‌ನಲ್ಲಿ (ಕಡ್ಡಾಯ ಸೈನ್ಯ ಸೇವೆ ಬಂದರೆ ಕರೆಯಲು ಇಟ್ಟಿರುವ ಪಟ್ಟಿ) ಅವರ ಹೆಸರು ಇರಲೇಬೇಕು. ಇಲ್ಲದಿದ್ದರೆ ಮುಂದೆ ಪೌರತ್ವದ ಅರ್ಜಿಗೆ ತೊಡಕು. ಎಷ್ಟೋ ರಾಜ್ಯಗಳು ಇದನ್ನು ಡ್ರೈವಿಂಗ್ ಲೈಸೆನ್ಸ್‌ಗೂ ಜೋಡಿಸಿವೆ. ವೀಸಾ ಸರಿಯಾಗಿರುವ ಎಚ್-4 ಹುಡುಗರಿಗೆ ಇದು ಬೇಡ.

ಈಗ ಯಾವ ರಿಕ್ರೂಟರೂ ಹೇಳದ ಮಾತು. ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ವಿದೇಶಿ ಸೈನ್ಯದಲ್ಲಿ ಇರುವವರಿಗೆ, ಅಲ್ಲಿಂದ ನಿವೃತ್ತರಾದವರಿಗೂ, ಭಾರತ ಸರ್ಕಾರ ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ವೀಸಾ ಇಲ್ಲದೆ ಬಂದು ಹೋಗಲು ಕೊಡುವ ಕಾರ್ಡ್) ಕೊಡುವುದಿಲ್ಲ. ನಿಮ್ಮ ಮಗನಿಗೆ ಚಿಕ್ಕಂದಿನಲ್ಲೇ ಒಸಿಐ ಮಾಡಿಸಿದ್ದೀರಿ ಅಂದಿರಿ. 20 ತುಂಬಿದ ಮೇಲೆ ಅದನ್ನು ಒಮ್ಮೆ ಹೊಸದಾಗಿ ಮಾಡಿಸಬೇಕು. ಆ ಹೊತ್ತಿಗೆ ಅವನು ಯೂನಿಫಾರ್ಮ್‌ನಲ್ಲಿ ಇರುತ್ತಾನೆ. ಹಾಗಾಗಿ ಸಹಿಗೆ ಮುಂಚೆಯೇ ಕಾನ್ಸುಲೇಟ್‌ಗೆ ಬರೆದು ಉತ್ತರ ತರಿಸಿಕೊಳ್ಳಿ. ಒಸಿಐ ಇಲ್ಲದಿದ್ದರೆ ಗೌರಿಬಿದನೂರಿಗೆ ಅಜ್ಜಿಯನ್ನು ನೋಡಲು ಹೋಗುವುದಕ್ಕೂ ವೀಸಾ ಬೇಕು. ವೀಸಾ ಅರ್ಜಿಯಲ್ಲಿ ಸೈನ್ಯದಲ್ಲಿ ಇದ್ದೀರಾ ಅನ್ನೋ ಪ್ರಶ್ನೆ ಇದ್ದೇ ಇದೆ. ದಯವಿಟ್ಟು ಸುಳ್ಳು ಬರೆಸಬೇಡಿ. ಊರಿನಲ್ಲಿ ಯಾರಿಗಾದರೂ ಕಾಯಿಲೆ ಅಂದಾಗ ರಾತ್ರೋರಾತ್ರಿ ಟಿಕೆಟ್ ತೆಗೆದು ಹೊರಡುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಫೀಸಿನ ಲೆಕ್ಕ ಹಾಕುವಾಗ ಇದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಇದು ಸರಿಯಾಗೇ ಕಂಡಿತು, "ಬೇರೆ ಪಡೆಯವನನ್ನ ಹಾಗೇ ಒಳಗೆ ಬಿಡ್ತಾರಾ?" ಅಂದರು.

ಮನೆ ತೆರಿಗೆ ಬಗ್ಗೆ ಒಂದೇ ಮಾತು: ಟೆಕ್ಸಾಸ್‌ನಲ್ಲಿ ಪೂರ್ತಿ ಅಂಗವೈಕಲ್ಯ ಅಂತ ನಿರ್ಧಾರವಾದ ಮಾಜಿ ಸೈನಿಕರಿಗೆ ವಾಸದ ಮನೆಯ ಆಸ್ತಿ ತೆರಿಗೆ ಪೂರ್ತಿ ಮಾಫಿ. ಬೇರೆಯವರಿಗೆ ಅಷ್ಟು ಇಲ್ಲ. ಸೈನ್ಯ ಸೇರಿದರೆ ಮನೆ ತೆರಿಗೆ ಇಲ್ಲ ಅಂತ ಓಡಾಡುವ ಫಾರ್ವರ್ಡ್ ಅರ್ಧ ಸತ್ಯ.

ತಂಗಿ, ಈ ವಾರ ರಿಕ್ರೂಟರ್ ಮತ್ತೆ ಬಂದಾಗ ಸಹಿ ಹಾಕಲು ಪೆನ್ನು ತೆಗೆಯಬೇಡಿ. ಡಿಡಿ-1966 ಮತ್ತು ಡಿಡಿ-4 ಫಾರ್ಮ್‌ಗಳ ಪ್ರತಿ ಕೇಳಿ ಮನೆಯಲ್ಲಿ ಇಟ್ಟುಕೊಂಡು ನಿಧಾನವಾಗಿ ಓದಿ. ಮೊದಲನೆಯದು ಅರ್ಜಿ, ನಿಮ್ಮ ಒಪ್ಪಿಗೆಯ ಸಹಿ ಇರುವುದು ಅದರಲ್ಲೇ. ಎರಡನೆಯದು ಕರಾರು. ಫೀಸು, ಬೋನಸ್ ಅಂತ ಬಾಯಲ್ಲಿ ಹೇಳಿದ್ದು ಕರಾರಿನ ಜೊತೆಗಿನ ಹಾಳೆಗಳಲ್ಲಿ ಇಲ್ಲದಿದ್ದರೆ ಅದು ಇಲ್ಲ ಅಂತಲೇ ತಿಳಿಯಿರಿ. ಹೋಮ್ ಆಫ್ ರೆಕಾರ್ಡ್ ಅನ್ನೋ ಜಾಗದಲ್ಲಿ ಯಾವ ವಿಳಾಸ ಬರೆದಿದ್ದಾರೆ ನೋಡಿ. ಫೋಟೊ ತೆಗೆದು ಇಲ್ಲಿ ಹಾಕಬೇಡಿ, ಅದರಲ್ಲಿ ಹುಡುಗನ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುತ್ತೆ. ನನಗೆ ಫೋನ್ ಮಾಡಿ, ಸಂಜೆ ಆರರ ಮೇಲೆ.